ರಸಮಟ್ಟ ಸೂಪರ್‌ವೈಸರ್ ಆದ ಮೇಲೆ

ಲಿಫ್ಟು ಕೆಟ್ಟ ದಿನ ಜನಕ್ಕೆ ಎರಡು ವಿಷಯ ನೆನಪಾಗುತ್ತವೆ: ಒಂದು, ತಮ್ಮ ಮನೆ ಐದನೇ ಮಹಡಿಯಲ್ಲಿದೆ; ಎರಡು, ತಮಗೆ ಮೊಣಕಾಲುಗಳಿವೆ. ಉಳಿದ ದಿನ ಲಿಫ್ಟಿನ ಬಗ್ಗೆಯಾಗಲಿ, ಅದನ್ನು ನಡೆಸುವ ಹಗ್ಗ, ಗಾಲಿಗಳ ಬಗ್ಗೆಯಾಗಲಿ, ಆ ಹಗ್ಗಕ್ಕೆ ಎಣ್ಣೆ ಸವರುವ ಮನುಷ್ಯರ ಬಗ್ಗೆಯಾಗಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳಲೂಬಾರದು. ಲಿಫ್ಟಿನೊಳಗೆ ನಿಂತು ಹಗ್ಗದ ಬಗ್ಗೆ ಯೋಚಿಸಿದವನು ಮೆಟ್ಟಿಲು ಹತ್ತುವುದನ್ನು ಬೇಗ ಕಲಿಯುತ್ತಾನೆ.

ಇದು ಅಂಥ ಎಣ್ಣೆ ಸವರುವವರಲ್ಲೊಬ್ಬನ ಕಥೆ. ಅವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ರಸಮಟ್ಟ ಅನ್ನುತ್ತಿದ್ದರು. ಗೋಡೆ, ಹಲಗೆ ಓರೆಯಾಗಿವೆಯೋ ನೆಟ್ಟಗಿವೆಯೋ ಎಂದು ನೋಡುವ, ಗಾಜಿನೊಳಗೆ ಗುಳ್ಳೆ ಓಡಾಡುವ ಆ ಪುಟ್ಟ ಸಾಧನ ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಇರುತ್ತಿತ್ತು. ಹೋಟೆಲಿನಲ್ಲಿ ಟೀ ಬರುವ ಮೊದಲು ಟೇಬಲ್ಲಿನ ಮೇಲೆ ಅದನ್ನಿಟ್ಟು ನೋಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋದಾಗ, ಗೋಡೆಯ ಮೇಲಿದ್ದ ಮಾವನ ಫೋಟೋ ಒಂದು ನೂಲು ಎಡಕ್ಕೆ ವಾಲಿದೆ ಎಂದು ಮಾವನ ಎದುರಿಗೇ ಸಾಬೀತು ಮಾಡಿ ತೋರಿಸಿದವನು. ಮಾವ ಆಮೇಲೆ ಎರಡು ವರ್ಷ ಅಳಿಯನ ಜೊತೆ ಹವಾಮಾನ ಬಿಟ್ಟು ಬೇರೇನೂ ಮಾತಾಡಲಿಲ್ಲ. ಅಳಿಯ ಅದನ್ನು ಮಾವನಿಗೆ ಹವಾಮಾನದಲ್ಲಿರುವ ಆಸಕ್ತಿ ಅಂದುಕೊಂಡಿದ್ದ.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳಬಲ್ಲವನಾಗಿದ್ದ. ಹತ್ತೊಂಬತ್ತು ವರ್ಷ ಅವನ ಜೋಡಿಯಾಗಿ ಕೆಲಸ ಮಾಡಿದವನು ಚಿಕ್ಕಪ್ಪ. ಅಲ್ಲಿ ಈಗಿರುವ ಯಾರಿಗೂ ಅವನು ಚಿಕ್ಕಪ್ಪನಲ್ಲ. ಹಿಂದೊಮ್ಮೆ ಅವನ ಅಣ್ಣನ ಮಗ ಅದೇ ಕಂಪನಿಯಲ್ಲಿ ಒಂದು ವರ್ಷ ಇದ್ದು, ಬಾಯಿ ತುಂಬ ಚಿಕ್ಕಪ್ಪಾ ಚಿಕ್ಕಪ್ಪಾ ಎಂದು ಕೂಗಿ, ಬೇರೆ ಕಡೆ ಹೋದ. ಅಣ್ಣನ ಮಗ ಹೋದ, ಚಿಕ್ಕಪ್ಪ ಉಳಿದ. ಅವನಿಗಿಂತ ಆರು ವರ್ಷ ದೊಡ್ಡವರಾದ ಗೇಟಿನ ಕಾವಲುಗಾರರೂ ಅವನನ್ನು ಚಿಕ್ಕಪ್ಪ ಅಂತಲೇ ಕರೆಯುತ್ತಿದ್ದರು.

ಹಳೆಯ ಕಟ್ಟಡಗಳ ಲಿಫ್ಟು ರಿಪೇರಿಗೆ ಇಬ್ಬರು ಬೇಕು. ಒಬ್ಬ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ, ಕರೆಂಟು ತೆಗೆದು, ಚಕ್ರ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ಕತ್ತಲ ಬಾವಿಯಂಥ ಗೂಡಿನೊಳಗೆ, ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ನಿಲ್ಲುತ್ತಾನೆ. ಮೇಲಿನವನು ಚಕ್ರ ತಿರುಗಿಸಿದರೆ ಕೆಳಗಿನವನು ನಿಂತ ನೆಲವೇ ಚಲಿಸುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ನಡುವೆ ಹಗ್ಗ ಹೋಗುವ ತೂತಿನಲ್ಲಿ ಮಾತು ಮಾತ್ರ ಓಡಾಡುತ್ತದೆ. ಅದಕ್ಕೇ ಈ ಕಸುಬಿನಲ್ಲಿ ಒಂದು ಕಟ್ಟುಪಾಡು. ಪೆಟ್ಟಿಗೆಯ ಮೇಲಿನವನು "ಕೆಳಗೆ ಎರಡಡಿ" ಅಂದರೆ ಚಕ್ರದವನು ತಕ್ಷಣ ತಿರುಗಿಸುವ ಹಾಗಿಲ್ಲ. "ಕೆಳಗೆ ಎರಡಡಿ" ಎಂದು ತಿರುಗಿ ಹೇಳಬೇಕು. ಕೇಳಿಸಿದ್ದು ಸರಿಯಾಗಿದ್ದರೆ ಪೆಟ್ಟಿಗೆಯವನು "ಆಡಿಸು" ಅನ್ನಬೇಕು. ಆಮೇಲೆ ಕೈ ಆಡಬೇಕು. ಕೈ ಗಟ್ಟಿಯಾಗಿದ್ದ ರಸಮಟ್ಟ ಚಕ್ರಕ್ಕೆ, ಮೈ ಹಗುರವಾಗಿದ್ದ ಚಿಕ್ಕಪ್ಪ ಪೆಟ್ಟಿಗೆಗೆ, ಎಂದು ಮೊದಲ ವಾರವೇ ತೀರ್ಮಾನವಾಗಿ, ಹತ್ತೊಂಬತ್ತು ವರ್ಷ ಅದು ಹಾಗೇ ನಡೆದಿತ್ತು.

ಹಳೇ ಸೂಪರ್‌ವೈಸರ್ ನಿವೃತ್ತನಾದ. ಕಂಪನಿಯ ದೊಡ್ಡವರು ಕಾಗದಪತ್ರ ನೋಡಿದರು. ಎಲ್ಲರಿಗಿಂತ ನೆಟ್ಟಗೆ ಗೆರೆ ಎಳೆದು ವರದಿ ಬರೆಯುತ್ತಿದ್ದವನು ರಸಮಟ್ಟ. ಅವನನ್ನೇ ಕೂರಿಸಿದರು.

ನೆಲಮಾಳಿಗೆಯಲ್ಲಿ ಒಂದು ಮೇಜು, ಒಂದು ಕಬ್ಬಿಣದ ಬೀರು, ಗೋಡೆಗೊಂದು ಬಿಳಿ ಹಲಗೆ ಸಿಕ್ಕವು. ಮೊದಲ ದಿನ ಮೇಜಿನ ಒಂದು ಕಾಲಿಗೆ ರಟ್ಟು ಕೊಟ್ಟು ಮಟ್ಟ ಮಾಡಿದ. ಎರಡನೇ ದಿನ ಹಲಗೆಯ ಮೇಲೆ ಸ್ಕೇಲಿಟ್ಟು ಚೌಕದ ಮನೆಗಳನ್ನು ಎಳೆದ: ಯಾವ ಕಟ್ಟಡ, ಯಾರು ಚಕ್ರಕ್ಕೆ, ಯಾರು ಪೆಟ್ಟಿಗೆಗೆ, ಎಷ್ಟು ನಿಮಿಷ. ಇಡೀ ವಾರದ್ದು ಸೋಮವಾರವೇ ಸಿದ್ಧ. ಮೂರನೇ ದಿನ ಫಾರಂಗಳನ್ನು ಒಂದರಿಂದ ಒಂಬತ್ತರವರೆಗೆ ನಂಬರು ಹಾಕಿ ಬೀರುವಿನಲ್ಲಿ ಜೋಡಿಸಿದ. ನಾಲ್ಕನೇ ದಿನದಿಂದ ಜನರನ್ನೂ ಮೋಟಾರಿನ ಹಾಗೇ ನೋಡತೊಡಗಿದ. ಸದ್ದು ಬಂದರೆ ತಿರುಪು ಬಿಗಿ ಮಾಡುವುದು, ಸದ್ದು ಬರದಿದ್ದರೆ ಎಲ್ಲ ಸರಿಯಾಗಿದೆ ಎಂದುಕೊಳ್ಳುವುದು. ಜನ ಮೋಟಾರಲ್ಲ, ಕೆಡುವಾಗ ಅವರು ಸದ್ದು ನಿಲ್ಲಿಸುತ್ತಾರೆ ಎಂಬುದು ಅವನ ಯಾವ ಫಾರಂನಲ್ಲೂ ಇರಲಿಲ್ಲ.

ಆರು ತಿಂಗಳಲ್ಲಿ ಒಂಬತ್ತು ಜನರಲ್ಲಿ ಇಬ್ಬರು ಕೆಲಸ ಬಿಟ್ಟರು. ದೊಡ್ಡವರು ಕರೆಸಿದರು.

"ಯಾಕ್ರೀ ಬಿಟ್ಟು ಹೋಗ್ತಿದ್ದಾರೆ?"

"ಕಾರಣದ ಕಾಲಂನಲ್ಲಿ 'ವೈಯಕ್ತಿಕ' ಅಂತ ಬರೆದಿದ್ದಾರೆ ಸಾರ್."

"ಹೌದು. ನಾನು ಫೋನು ಮಾಡಿ ವಿಚಾರಿಸಿದೆ. ಆ ವೈಯಕ್ತಿಕ ಅಂದ್ರೆ ನೀವೇ ಅಂತೆ."

ಹೀಗೆ ರಸಮಟ್ಟ ಎರಡು ದಿನದ ತರಬೇತಿಗೆ ಹೋದ. ಹನ್ನೆರಡು ಜನ ಕೂತ ಕೋಣೆಯಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡು ಮಾತಾಡಿದ ತರಬೇತುದಾರ, ನಾಯಕನಾದವನು ಮೊದಲು ತನ್ನ ಮನಸ್ಸನ್ನೂ ಆಮೇಲೆ ಇತರರ ಮನಸ್ಸನ್ನೂ ಓದಬೇಕು ಎಂದ. ಭಾವನೆಯನ್ನು ಗುರುತಿಸಿ, ಅದಕ್ಕೆ ಹೆಸರಿಡಿ, ಒಪ್ಪಿಕೊಳ್ಳಿ ಎಂದ. ಯಾರಾದರೂ ಏನಾದರೂ ಒಪ್ಪಿಕೊಂಡಾಗಲೆಲ್ಲ ಚಪ್ಪಾಳೆ ಹೊಡೆಸಿದ. ಮಾತು ತಪ್ಪೇನಲ್ಲ. ತಪ್ಪು ಆದದ್ದು ಅದನ್ನು ಕೇಳಿಸಿಕೊಂಡ ನಮ್ಮವನಲ್ಲಿ. ಅವನು ಎರಡು ನೋಟ್‌ಬುಕ್ ತುಂಬ ಬರೆದು, ಮುಖ್ಯವಾದದ್ದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಹೊಸ ಯಂತ್ರದ ಕೈಪಿಡಿ ಸಿಕ್ಕಿತು ಎಂಬ ಉತ್ಸಾಹದಲ್ಲಿ ಮನೆಗೆ ಬಂದ.

ಅವನ ಹೆಂಡತಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ, ಮುಂದಿನ ಕೋಣೆಯಲ್ಲಿ ಕೂತು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುವ ಕೆಲಸದಲ್ಲಿದ್ದವಳು. ಅಂದು ಸಂಜೆ ಅಡುಗೆಮನೆಯಲ್ಲಿ ನಿಂತಿದ್ದಳು. ಇವನು ಬಾಗಿಲಿಗೊರಗಿ ಅವಳನ್ನೇ ಒಂದು ನಿಮಿಷ ನೋಡಿದ.

"ನಿನಗೆ ಏನೋ ದುಃಖ ಆಗ್ತಿದೆ ಅಂತ ನನಗೆ ಕಾಣ್ತಿದೆ," ಅಂದ.

"ಈರುಳ್ಳಿ ಹೆಚ್ತಿದ್ದೀನಿ," ಅಂದಳು. "ನಿಮ್ಮ ತರಬೇತೀಲಿ ಹೆಂಡತಿ ಮೇಲೆ ಪ್ರಯೋಗ ಮಾಡಿ ಅಂತ ಹೇಳಿದ್ರಾ?"

"ಹತ್ತಿರದವರಿಂದ ಶುರು ಮಾಡಿ ಅಂದಿದ್ದರು."

"ಹಾಗಾದ್ರೆ ಹತ್ತಿರ ಬಂದು ಇದನ್ನ ಹೆಚ್ಚಿ. ನಿಮಗೂ ಭಾವನೆ ಬರುತ್ತೆ."

ಮರುದಿನ ನೆಲಮಾಳಿಗೆಯ ಗೋಡೆಗೆ ಒಂದು ಕಬ್ಬಿಣದ ತಗಡು ಬಂತು. ಅದರ ಮೇಲೆ ಐದು ದುಂಡು ಮುಖಗಳು: ಸಂತೋಷ, ಸಾಧಾರಣ, ಬೇಸರ, ಕೋಪ, ಹೆದರಿಕೆ. ಒಬ್ಬೊಬ್ಬರಿಗೂ ಹೆಸರು ಬರೆದ ಒಂದೊಂದು ಆಯಸ್ಕಾಂತದ ಬಿಲ್ಲೆ. ಬೆಳಿಗ್ಗೆ ಎಂಟಕ್ಕೆ ಬಂದವರು ತಮ್ಮ ಬಿಲ್ಲೆಯನ್ನು ತಮ್ಮ ಅಂದಿನ ಮುಖದ ಕೆಳಗೆ ಅಂಟಿಸಿ ಕೆಲಸಕ್ಕೆ ಹೋಗಬೇಕು.

ತಂಡದಲ್ಲಿ ವೈರಿಂಗ್ ಅಕ್ಕ ಎಂಬ ಎಲೆಕ್ಟ್ರಿಷಿಯನ್ ಇದ್ದಳು. ಮಾತು ಕಡಿಮೆ, ಆಡಿದರೆ ಶಾಕು. "ಮಧ್ಯಾಹ್ನ ಊಟ ಆದ ಮೇಲೆ ಬದಲಾಯಿಸಬಹುದಾ, ಇಡೀ ದಿನಕ್ಕೆ ಇದೇನಾ?" ಎಂದು ಕೇಳಿದಳು.

"ಬದಲಾಯಿಸಿದರೆ ಪಕ್ಕದಲ್ಲಿ ಸಮಯ ಬರೀಬೇಕು," ಅಂದ ರಸಮಟ್ಟ.

ಗ್ರೀಸ್ ಎಂಬ ಅಡ್ಡಹೆಸರಿನ, ಕೈಯೂ ನಾಲಿಗೆಯೂ ಜಾರುವ ಮೆಕ್ಯಾನಿಕ್ ಒಬ್ಬನಿದ್ದ. ರಸಮಟ್ಟ ಬಿಟ್ಟ ಚಕ್ರ ಅವನ ಕೈಗೇ ಹೋಗಿತ್ತು. ಅವನು ಪರೀಕ್ಷೆ ಮಾಡಲೆಂದೇ ಮೊದಲ ದಿನ ಬಿಲ್ಲೆಯನ್ನು ಕೋಪದ ಕೆಳಗೆ ಇಟ್ಟ. ರಸಮಟ್ಟ ಅವನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ನೋಟ್‌ಬುಕ್ ತೆರೆದು, "ನಿನ್ನ ಕೋಪ ದೇಹದ ಯಾವ ಭಾಗದಲ್ಲಿದೆ?" ಎಂದು ವಿಚಾರಿಸಿದ.

"ಸದ್ಯಕ್ಕೆ ಕುತ್ತಿಗೇಲಿ ಸಾರ್. ಇಪ್ಪತ್ತು ನಿಮಿಷದಿಂದ ನಿಮ್ಮ ಕಡೆ ತಿರುಗಿ ಕೂತಿದ್ದೀನಲ್ಲ."

ಅಲ್ಲಿಂದ ಮುಂದೆ ಏಳೂ ಬಿಲ್ಲೆಗಳು ದಿನವೂ ಸಂತೋಷದ ಕೆಳಗೇ ಇದ್ದವು. ತಿಂಗಳ ಕೊನೆಗೆ ರಸಮಟ್ಟ ದೊಡ್ಡವರಿಗೆ ವರದಿ ಕಳಿಸಿದ: ಸಂತೋಷ ಶೇಕಡಾ ನೂರು. ಅದನ್ನು ಬರೆಯುವಾಗ ಅವನಿಗೂ ಶೇಕಡಾ ನೂರು ಆಗಿತ್ತು.

ಹೀಗಿರುವಾಗ ಒಂದು ದಿನ ಗ್ರೀಸ್‌ಗೆ ಜ್ವರ ಬಂತು. ಬೇರೆ ಯಾರೂ ಖಾಲಿ ಇಲ್ಲ. ಆರು ಮಹಡಿಯ ಒಂದು ಹಳೇ ಆಫೀಸು ಕಟ್ಟಡಕ್ಕೆ ರಸಮಟ್ಟ ತಾನೇ ಚಕ್ರ ಹಿಡಿಯಲು ಹೋದ. ಹತ್ತು ತಿಂಗಳ ಮೇಲೆ ಮತ್ತೆ ಜೋಡಿ ಕೂಡಿತ್ತು. ಮೋಟಾರು ಕೋಣೆಯಲ್ಲಿ ಹಳೆಯ ಎಣ್ಣೆಯ ವಾಸನೆ, ಮೂಲೆಯಲ್ಲಿ ಪಾರಿವಾಳದ ಗರಿ, ಕಿಟಕಿಯಿಂದ ಬಿದ್ದ ಒಂದು ತುಂಡು ಬಿಸಿಲು. ಚಿಕ್ಕಪ್ಪನ ದನಿ ತೂತಿನಿಂದ ಮೇಲೆ ಬಂತು.

"ಕೆಳಗೆ ಎರಡಡಿ."

"ಕೆಳಗೆ ಎರಡಡಿ," ಅಂದ ರಸಮಟ್ಟ, ಕೈ ಚಕ್ರದ ಮೇಲಿಟ್ಟು.

"ಆಡಿಸು" ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಆಮೇಲೆ ಬಂತು. ಅರ್ಧ ಉಸಿರಿನಷ್ಟು ತಡ. ಬೇರೆ ಯಾರಿಗಾದರೂ ಅದು ತಡವೇ ಅಲ್ಲ. ಹತ್ತೊಂಬತ್ತು ವರ್ಷ ಆ ಒಂದು ಮಾತಿಗೆ ಕಿವಿ ಕೊಟ್ಟವನಿಗೆ ಅದು ಸವೆದ ಬೇರಿಂಗಿನ ಹಾಗೆ ಕೇಳಿಸಿತು. ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ; ಪ್ರತಿ ಸಲವೂ ಅರ್ಧ ಉಸಿರು. ಬಗ್ಗಿ ತೂತಿನಲ್ಲಿ ಇಣುಕಿದ. ಟಾರ್ಚಿನ ಬೆಳಕಿನಲ್ಲಿ, ಕಬ್ಬಿಣದ ಅಡ್ಡಪಟ್ಟಿ ಹಿಡಿದ ಒಂದು ಕೈ ಮಾತ್ರ ಕಾಣಿಸಿತು. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು.

ಚಿಕ್ಕಪ್ಪ ಹೆದರಿದ್ದಾನೆ.

ಈಗ ಇನ್ನೊಬ್ಬನಾಗಿದ್ದರೆ ಅವನ ಮನಸ್ಸಿಗೆ ಕಸಿವಿಸಿ ಆಗಬೇಕಿತ್ತು. ರಸಮಟ್ಟನಿಗೆ ಆದದ್ದು ಆನಂದ. ಓದಿಕೊಂಡು ಹೋದ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದಾಗ ಆಗುತ್ತದಲ್ಲ, ಆ ಆನಂದ. ಗುರುತಿಸಿದ್ದಾಯಿತು. ಇನ್ನು ಹೆಸರಿಡುವುದು, ಒಪ್ಪಿಕೊಳ್ಳುವುದು. ವಾಪಸು ಬರುವಾಗ ವ್ಯಾನಿನಲ್ಲಿ ಒಂದೂ ಮಾತಾಡದೆ, ಮನಸ್ಸಿನಲ್ಲೇ ನೋಟ್‌ಬುಕ್ಕಿನ ಪುಟ ತಿರುವುತ್ತ ಕೂತ.

ಮರುದಿನ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸೇರಿದಾಗ ಅವನು ತಗಡಿನ ಹತ್ತಿರ ಹೋಗಿ ನಿಂತ. ಎಲ್ಲರ ಕಣ್ಣೆದುರಿಗೆ ಚಿಕ್ಕಪ್ಪನ ಬಿಲ್ಲೆಯನ್ನು ಸಂತೋಷದ ಕೆಳಗಿಂದ ಕಿತ್ತು ಹೆದರಿಕೆಯ ಕೆಳಗೆ ಅಂಟಿಸಿದ.

"ನಮ್ಮ ಚಿಕ್ಕಪ್ಪನಿಗೆ ಪೆಟ್ಟಿಗೆ ಮೇಲೆ ನಿಲ್ಲೋಕೆ ಹೆದರಿಕೆ ಆಗ್ತಿದೆ," ಅಂದ, ತರಬೇತುದಾರನ ಮೆತ್ತನೆಯ ದನಿಯಲ್ಲಿ. "ಹೆದರಿಕೆ ನಾಚಿಕೆ ಪಡೋ ವಿಷಯ ಅಲ್ಲ. ನಾನು ಗುರುತಿಸಿದ್ದೀನಿ. ಇವತ್ತಿಂದ ಅವನಿಗೆ ಪೆಟ್ಟಿಗೆ ಮೇಲಿನ ಕೆಲಸ ಇಲ್ಲ. ಅವನ ಧೈರ್ಯಕ್ಕೆ ಎಲ್ಲರೂ ಒಂದು ಚಪ್ಪಾಳೆ."

ಚಪ್ಪಾಳೆ ಹೊಡೆದ. ಅವನೊಬ್ಬನೇ ಹೊಡೆದ. ನೆಲಮಾಳಿಗೆಯಲ್ಲಿ ಎರಡು ಕೈ ಸೇರುವ ಸದ್ದು ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಎಂದು ಅಂದು ಎಲ್ಲರಿಗೂ ಗೊತ್ತಾಯಿತು. ಜ್ವರ ಬಿಟ್ಟು ಬಂದಿದ್ದ ಗ್ರೀಸ್ ತನ್ನ ಬೂಟಿನ ಲೇಸು ನೋಡಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವನಿಗೆ ಮಾತ್ರ ಹೋದದ್ದು ಏನೆಂದು ತಕ್ಷಣ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾದದ್ದು ಮಧ್ಯಾಹ್ನ, ಚಿಕ್ಕಪ್ಪ ಫಾರಂ ಏಳನ್ನು ತಂದು ಮೇಜಿನ ಮೇಲೆ ಇಟ್ಟಾಗ. ರಾಜೀನಾಮೆಯ ಫಾರಂ. ಎಲ್ಲ ಕಾಲಂಗಳೂ ಚೊಕ್ಕವಾಗಿ ತುಂಬಿದ್ದವು. ಹದಿನೈದು ದಿನದ ನೋಟೀಸು. ಕಾರಣ: ವೈಯಕ್ತಿಕ.

"ಇದೇನೋ ಇದು?"

"ಸರಿಯಾಗಿ ತುಂಬಿದ್ದೀನಾ ನೋಡಿ ಸಾರ್," ಅಂದ ಚಿಕ್ಕಪ್ಪ.

ಹತ್ತೊಂಬತ್ತು ವರ್ಷ 'ಲೋ ರಸಮಟ್ಟ' ಅಂದವನು. ಸೂಪರ್‌ವೈಸರ್ ಆದ ಮೇಲೂ 'ಲೋ' ಹೋಗಿರಲಿಲ್ಲ. ಆ 'ಸಾರ್' ಎಂಬ ಎರಡಕ್ಷರ ರಸಮಟ್ಟನ ಎದೆಗೆ ಸ್ಪಾನರ್ ಬಿದ್ದ ಹಾಗೆ ಬಿತ್ತು. ಭಾವನೆ ದೇಹದ ಯಾವ ಭಾಗದಲ್ಲಿದೆ ಎಂಬ ಪ್ರಶ್ನೆಗೆ ಅವನಿಗೆ ಮೊದಲ ಸಲ ಉತ್ತರ ಗೊತ್ತಾಯಿತು, ಆದರೆ ಕೇಳುವವರು ಯಾರೂ ಇರಲಿಲ್ಲ.

ಹದಿನೈದು ದಿನ. ಅದರೊಳಗೆ ಚಿಕ್ಕಪ್ಪನನ್ನು ಉಳಿಸಿಕೊಳ್ಳಬೇಕು. ಸೂಪರ್‌ವೈಸರನ ಲೆಕ್ಕಕ್ಕಾಗಿ ಅಲ್ಲ. ಚಿಕ್ಕಪ್ಪ ಇಲ್ಲದ ಕಂಪನಿ ಹೇಗಿರುತ್ತದೆಂದು ಊಹಿಸಲು ಹೋದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ನಿಯಮದ ಪ್ರಕಾರ ಫಾರಂ ಏಳು ಎರಡು ದಿನದೊಳಗೆ ದೊಡ್ಡವರ ಟೇಬಲ್ಲಿಗೆ ಹೋಗಬೇಕು. ಅವನು ಅದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ.

ಮೊದಲ ವಾರ ಕೈಪಿಡಿಯ ಪ್ರಕಾರವೇ ನಡೆದ. ನಗುಮುಖದಿಂದ ಹೋಗಿ ಮಾತಾಡಿಸಿದ. ಚಿಕ್ಕಪ್ಪ "ಆಗಲಿ ಸಾರ್" ಅಂದ. ಟೀಗೆ ಕರೆದ, "ಈಗಷ್ಟೇ ಆಯ್ತು ಸಾರ್" ಅಂದ. ಚಿಕ್ಕಪ್ಪ ನೆಲದ ಮೇಲಿನ ಕೆಲಸ ಮಾಡಿಕೊಂಡು, ಎಂಟಕ್ಕೆ ಬಂದು ಐದಕ್ಕೆ ಹೋಗುತ್ತಿದ್ದ. ಎಂಟನೇ ದಿನ ವೈರಿಂಗ್ ಅಕ್ಕ ಫಾರಂ ನಾಲ್ಕು ಕೊಡಲು ಬಂದವಳು, ಕೊಟ್ಟು, ಹೋಗದೆ ನಿಂತಳು.

"ಅವನು ಹೆದರಿದ್ದಾನೆ ಅಂತ ನಿಮಗೆ ಗೊತ್ತಾಯ್ತು. ಸರಿ. ಯಾಕೆ ಅಂತ ಕೇಳಿದ್ರಾ?"

"ಯಾಕೆ ಅಂತ ಕೇಳಬಾರದು ಅಂತ ತರಬೇತೀಲಿ ಹೇಳಿದ್ದರು. ಎದುರಿನವರಿಗೆ ತಪ್ಪು ಹುಡುಕಿದ ಹಾಗೆ ಅನ್ನಿಸುತ್ತಂತೆ."

"ಹಾಗಾದ್ರೆ ಏನಾಯ್ತು ಅಂತ ಕೇಳಿ. ಅದಕ್ಕೂ ತರಬೇತಿ ಬೇಕಾ?"

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದ. ಬಿಲ್ಲೆ ಸರಿಸಿದ್ದನ್ನು ಹೇಳುವಾಗ ಅವಳು ಕಣ್ಣು ಮುಚ್ಚಿಕೊಂಡಳು.

"ನಮ್ಮಲ್ಲಿಗೆ ದಿನಾ ಹತ್ತು ಜನ ಹೆದರಿಕೊಂಡು ಬರ್ತಾರೆ," ಅಂದಳು. "ಹೆದರಬೇಡಿ ಅಂದ್ರೆ ಎದ್ದು ಹೋಗ್ತಾರೆ. ಹೆದರಿದ್ದೀರಿ ಅಂದ್ರೆ ಜಗಳಕ್ಕೆ ಬರ್ತಾರೆ."

"ನೀನೇನು ಹೇಳ್ತೀಯ ಮತ್ತೆ?"

"ಇನ್ನೂ ಇಬ್ಬರು ಇದ್ದಾರೆ, ಕೂತ್ಕೊಳ್ಳಿ ಅಂತೀನಿ. ಪಕ್ಕದಲ್ಲಿ ಫ್ಯಾನ್ ಇದೆ ಅಂತೀನಿ. ಅಷ್ಟೇ."

ರಸಮಟ್ಟನಿಗೆ ಇದರಲ್ಲಿ ಬರೆದುಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಆದರೂ ಭಾನುವಾರ ಸಂಜೆ, ಕ್ಷಮೆಯನ್ನು ನಾಲ್ಕು ಅಂಶಗಳಾಗಿ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು, ಚಿಕ್ಕಪ್ಪನ ಮನೆಗೆ ಹೊರಟ. ಲಿಫ್ಟು ಮೆಕ್ಯಾನಿಕ್‌ನ ಮನೆ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಹತ್ತಿ ಮುಗಿಸುವ ಹೊತ್ತಿಗೆ ಮೊದಲ ಎರಡು ಅಂಶ ಮರೆತುಹೋಗಿದ್ದವು.

ಚಿಕ್ಕಪ್ಪನ ಹೆಂಡತಿ ಬಾಗಿಲು ತೆಗೆದಳು. ಇವನನ್ನು ನೋಡಿ ಮುಖ ಗಂಟು ಹಾಕಲೂ ಇಲ್ಲ, ಅರಳಿಸಲೂ ಇಲ್ಲ. "ಒಳಗೆ ಬನ್ನಿ. ಸಿಂಕಿನ ಕೆಳಗೆ ಮಲಗಿದ್ದಾರೆ," ಅಂದಳು.

ಅಡುಗೆಮನೆಯಲ್ಲಿ ಸಿಂಕಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಪೈಪಿನ ಜೋಡಣೆ ಸೋರುತ್ತಿತ್ತು. ನೆಲದ ಮೇಲೆ ಹಳೇ ಟವೆಲು, ಒಂದು ಬಕೆಟ್ಟು.

"ಯಾರು?" ಅಂದವು ಕಾಲುಗಳು.

"ನಾನು."

ಕಾಲುಗಳು ಒಮ್ಮೆ ಮಡಚಿ, ಮತ್ತೆ ಚಾಚಿಕೊಂಡವು. ಆಮೇಲೆ ಒಳಗಿಂದ ಚಿಕ್ಕಪ್ಪ ಹೇಳಿದ: "ಬಾಗಿಲ ಹಿಂದೆ ಮೇನ್ ವಾಲ್ವ್ ಇದೆ. ಕಾಲು ಸುತ್ತು ಬಲಕ್ಕೆ."

"ಕಾಲು ಸುತ್ತು ಬಲಕ್ಕೆ," ಅಂದ ರಸಮಟ್ಟ, ಕೈ ವಾಲ್ವಿನ ಮೇಲಿಟ್ಟು.

"ಆಡಿಸು."

ಇಬ್ಬರೂ ಬೇಕೆಂದು ಹಾಗೆ ಮಾತಾಡಿದ್ದಲ್ಲ. ಬಾಯಿಗೆ ಅಭ್ಯಾಸ. ನೀರು ನಿಂತಿತು. ರಸಮಟ್ಟ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತ. ಎದುರಿಗೆ ಮುಖ ಇಲ್ಲದ್ದರಿಂದ ಯಾವ ಮುಖ ಮಾಡಬೇಕೆಂಬ ಚಿಂತೆ ಅವನಿಗೂ ಇರಲಿಲ್ಲ. ಜೇಬಿನ ಹಾಳೆ ಮುಟ್ಟಿ ನೋಡಿಕೊಂಡ, ತೆಗೆಯಲಿಲ್ಲ.

"ಏನಾಯ್ತು?" ಎಂದು ಕೇಳಿದ.

ಸಿಂಕಿನ ಕೆಳಗಿಂದ ಕಥೆ ತುಂಡು ತುಂಡಾಗಿ ಬಂತು, ನಡುವೆ ಸ್ಪಾನರಿನ ಕಿರ್ ಕಿರ್. ಐದು ತಿಂಗಳ ಹಿಂದೆ ಒಂದು ದಿನ ಚಕ್ರಕ್ಕೆ ಗ್ರೀಸ್ ಇದ್ದ. ಚಿಕ್ಕಪ್ಪ "ಕೆಳಗೆ ಒಂದಡಿ" ಅಂದ. ಗ್ರೀಸ್ ತಿರುಗಿ ಹೇಳಲಿಲ್ಲ, ಚಿಕ್ಕಪ್ಪನ "ಆಡಿಸು"ಗೂ ಕಾಯಲಿಲ್ಲ, ಚಕ್ರದ ಬ್ರೇಕು ಸಡಿಲಿಸಿದ. ಕಾಲ ಕೆಳಗಿನ ನೆಲ ಒಂದು ಗೇಣು ಕುಸಿದು ನಿಂತಿತು. ಏಟೇನೂ ಆಗಲಿಲ್ಲ. ಒಂದು ಗೇಣು, ಅಷ್ಟೇ.

"ಅವತ್ತು ಸಂಜೆ ನಿನ್ನ ಕೋಣೆಗೆ ಬಂದೆ," ಅಂದ ಚಿಕ್ಕಪ್ಪ. "ಲೋ, ಇವತ್ತು ಸ್ವಲ್ಪ ಹೀಗಾಯ್ತು ಅಂತ ಶುರು ಮಾಡಿದೆ. ನೀನು ತಲೆ ಎತ್ತಲಿಲ್ಲ. ಫಾರಂ ಮೂರು ತುಂಬಿ ಕೊಡು ಅಂದೆ."

ಸುರಕ್ಷತೆಗೆ ಸಂಬಂಧಿಸಿದ್ದು ಫಾರಂ ಮೂರೇ. ಅದರಲ್ಲಿ ತಪ್ಪೇನಿಲ್ಲ. ಆ ವಿವರಣೆ ರಸಮಟ್ಟನ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಒಂದು ಸುತ್ತು ಹಾಕಿ, ವಾಪಸು ಹೋಯಿತು.

"ನೀನು ಬಂದೆ," ಅಂದ ನಿಧಾನವಾಗಿ. "ಹೇಳೋಕೆ ಶುರು ಮಾಡಿದೆ. ನಾನು ತಲೆ ಎತ್ತಲಿಲ್ಲ. ಫಾರಂ ಮೂರು ಅಂದೆ."

"ಹೂಂ."

"ಆಮೇಲೆ?"

"ಆಮೇಲೇನು. ಯಾರಿಗೂ ಹೇಳಲಿಲ್ಲ. ನಾನೇ ಸರಿಮಾಡ್ಕೋತಿದ್ದೆ. ಒಂದೊಂದು ದಿನ ಆಗ್ತಿತ್ತು, ಒಂದೊಂದು ದಿನ ಆಗ್ತಿರಲಿಲ್ಲ. ನೀನು ಆರು ಜನರ ಮುಂದೆ ಆ ಬಿಲ್ಲೆ ತೆಗೆದು ಅಂಟಿಸಿದೆ. ಚಪ್ಪಾಳೆ ಹೊಡೆದೆ."

"ಆರು ಜನರ ಮುಂದೆ ಬಿಲ್ಲೆ ಅಂಟಿಸಿದೆ. ಚಪ್ಪಾಳೆ ಹೊಡೆದೆ." ಇದನ್ನು ತಿರುಗಿ ಹೇಳುವಾಗ ಅವನ ದನಿ ಕೆಳಗಾಯಿತು. ತನ್ನ ಬಾಯಿಂದಲೇ ಕೇಳಿಸಿಕೊಂಡರೆ ಕೆಲವು ವಿಷಯಗಳು ಬೇರೆಯಾಗಿ ಕೇಳಿಸುತ್ತವೆ.

"ಹೂಂ," ಅಂದ ಚಿಕ್ಕಪ್ಪ.

"ತಪ್ಪಾಯ್ತು."

"ಯಾವುದು?"

"ಎರಡೂ."

"ಹನ್ನೆರಡರ ಸ್ಪಾನರ್ ಕೊಡು."

ಕೊಟ್ಟ. ಪೈಪು ಬಿಗಿಯಾಯಿತು. ಚಿಕ್ಕಪ್ಪ ಹೊರಗೆ ಜಾರಿಬಂದು, ಗೋಡೆಗೊರಗಿ ಕೂತು, ಟವೆಲಿನಿಂದ ಕೈ ಒರೆಸಿಕೊಂಡ. ಅವನ ಹೆಂಡತಿ ಎರಡು ಲೋಟ ಟೀ ತಂದು ಇಬ್ಬರ ನಡುವೆ ನೆಲದ ಮೇಲಿಟ್ಟು, "ಎರಡು ದೊಡ್ಡ ಮಕ್ಕಳು," ಎಂದು ಯಾರಿಗೋ ಹೇಳುವ ಹಾಗೆ ಹೇಳಿಕೊಂಡು ಹೋದಳು.

"ಕಾಗದ ವಾಪಸ್ ತಗೋ ಅಂತ ಹೇಳೋಕೆ ಬಂದಿದ್ದೀಯಾ?" ಎಂದು ಕೇಳಿದ ಚಿಕ್ಕಪ್ಪ.

"ಅಲ್ಲ. ಹೌದು."

"ನನಗೇ ಗೊತ್ತಿಲ್ಲ ಕಣೋ. ಪೆಟ್ಟಿಗೆ ಮೇಲೆ ಹೋಗಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಅದನ್ನ ನೀನು ಹೇಳಿದ್ದು. ಹೋಗೋಕಾಗುತ್ತೆ ಅಂತಾನೂ ಇವತ್ತು ಹೇಳಲ್ಲ. ಆಯಾ ದಿನ ಬೆಳಿಗ್ಗೆ ಗೊತ್ತಾಗುತ್ತೆ. ನಿನ್ನ ಹಲಗೇಲಿ ಅದಕ್ಕೆ ಜಾಗ ಇದೆಯಾ?"

ಇರಲಿಲ್ಲ. ಸೋಮವಾರವೇ ಶನಿವಾರದವರೆಗೆ ತುಂಬುವ ಹಲಗೆ ಅದು. ರಸಮಟ್ಟ ಟೀ ಕುಡಿದು ಮುಗಿಸುವವರೆಗೆ ಯೋಚಿಸಿದ. ತನ್ನ ಅಂಗಿ ಬಿಚ್ಚಿಕೊಡು ಅಂದಿದ್ದರೆ ಅಷ್ಟು ಹೊತ್ತು ಯೋಚಿಸುತ್ತಿರಲಿಲ್ಲ.

"ಒಂದು ಮನೆ ಖಾಲಿ ಬಿಡ್ತೀನಿ," ಅಂದ ಕೊನೆಗೆ.

ಸೋಮವಾರ ಬೆಳಿಗ್ಗೆ ಗೋಡೆಯ ಮೇಲೆ ತಗಡು ಇರಲಿಲ್ಲ. "ಅವತ್ತು ಬಿಲ್ಲೆ ಸರಿಸಿದ್ದು ನನ್ನ ತಪ್ಪು," ಎಂದು ರಸಮಟ್ಟ ಎಲ್ಲರ ಮುಂದೆ ಹೇಳಿದ. ಅಷ್ಟೇ ಹೇಳಿದ. ಗ್ರೀಸ್‌ನ ಹೆಸರು ಅವನ ಬಾಯಲ್ಲೇ ಇತ್ತು. ಹತ್ತು ದಿನದ ಹಿಂದಾಗಿದ್ದರೆ ಅದಕ್ಕೊಂದು ಮುಖ ಹುಡುಕುತ್ತಿದ್ದ. ಈಗ ಅವನನ್ನು ಒಂದು ಮೋಟಾರು ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ತೆರೆದೇ ಬಿಟ್ಟು, ಏನಾಯ್ತು ಎಂದು ಕೇಳಿದ.

ಗ್ರೀಸ್ ಜಾರಿಕೊಳ್ಳಲು ಎರಡು ಸಲ ನೋಡಿದ. ಮೂರನೇ ಸಲ ನಿಂತ. "ಹಲಗೇಲಿ ಆ ಕಟ್ಟಡಕ್ಕೆ ನಲವತ್ತು ನಿಮಿಷ ಅಂತ ಬರೆದಿದ್ರಿ ಸಾರ್. ಮೂವತ್ತೆಂಟು ಆಗಿತ್ತು. ಇನ್ನೊಂದು ಸಲ ಹೇಳಿ ಕೇಳಿ ಅಂತ ಕೂತ್ರೆ ಆಗ್ತಿರಲಿಲ್ಲ."

ಆ ಕಟ್ಟಡಕ್ಕೆ ಒಂದು ಗಂಟೆ ಬೇಕು ಎಂದು ಹತ್ತೊಂಬತ್ತು ವರ್ಷ ಚಕ್ರ ಹಿಡಿದವನಿಗೆ ಗೊತ್ತಿತ್ತು. ಸ್ಕೇಲು ಹಿಡಿದ ಮೇಲೆ ಮರೆತಿದ್ದ. ಗ್ರೀಸ್‌ಗೆ ಅವನು ಹೇಳಿದ್ದು ಎರಡೇ ಮಾತು: ನಿಮಿಷ ನಾನು ಸರಿಮಾಡುತ್ತೇನೆ, ತಿರುಗಿ ಹೇಳದೆ, "ಆಡಿಸು" ಕೇಳದೆ ಇನ್ನೊಂದು ಸಲ ಕೈ ಆಡಿಸಿದರೆ ಚಕ್ರ ಮುಟ್ಟಬೇಡ. ಗ್ರೀಸ್ ಮಧ್ಯಾಹ್ನ ತಾನಾಗಿಯೇ ಚಿಕ್ಕಪ್ಪನ ಹತ್ತಿರ ಹೋಗಿ ನಿಂತಿದ್ದನ್ನು ವೈರಿಂಗ್ ಅಕ್ಕ ನೋಡಿದಳು.

"ಚಿಕ್ಕಪ್ಪ, ಹೊಡೀಬೇಕು ಅನ್ನಿಸಿದ್ರೆ ಹೊಡೆದುಬಿಡು," ಅಂದನಂತೆ.

"ಹೊಡೆಯೋಕೆ ಕೈ ಬಿಡಬೇಕಲ್ಲಪ್ಪ. ನಾನು ಎರಡೂ ಕೈಯಲ್ಲಿ ಹಿಡ್ಕೊಂಡಿರ್ತೀನಿ," ಅಂದನಂತೆ ಚಿಕ್ಕಪ್ಪ.

ಆದರೂ ಕಾಗದದ ಬಗ್ಗೆ ಅವನು ಏನೂ ಹೇಳಲಿಲ್ಲ. ನೋಟೀಸಿನ ಹನ್ನೆರಡನೇ ದಿನ, ಹದಿಮೂರು, ಹದಿನಾಲ್ಕು. ಹಲಗೆಯ ಖಾಲಿ ಮನೆಯ ಎದುರು ದಿನವೂ ಒಂದು ಕ್ಷಣ ನಿಂತು, "ಇವತ್ತು ನೆಲದ ಕೆಲಸಾನೇ," ಎಂದು ಹೇಳಿ ಹೋಗುತ್ತಿದ್ದ. ರಸಮಟ್ಟ ಅದನ್ನು ಬರೆಯುತ್ತಿದ್ದ. ಯಾಕೆ ಅನ್ನಲಿಲ್ಲ, ಪರವಾಗಿಲ್ಲ ಅನ್ನಲಿಲ್ಲ, ನಾಳೆ ನೋಡೋಣ ಎಂದೂ ಅನ್ನಲಿಲ್ಲ. ಅನ್ನದೆ ಇರುವುದು ಎಷ್ಟು ದೊಡ್ಡ ಕೆಲಸ ಎಂಬುದನ್ನು ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಂಡ. "ಗೊತ್ತು," ಅಂದಳು ಅವಳು. "ಇಪ್ಪತ್ತೆರಡು ವರ್ಷದಿಂದ ಮಾಡ್ತಿದ್ದೀನಿ."

ಹದಿನೈದನೇ ದಿನ ಚಿಕ್ಕಪ್ಪ ಬಂದು ಹಲಗೆ ನೋಡಿದ. ಅಂದಿನ ಖಾಲಿ ಮನೆ ಅದೇ ಆರು ಮಹಡಿಯ ಕಟ್ಟಡದ್ದು.

"ಚಕ್ರಕ್ಕೆ ಯಾರು?"

"ನೀನು ಹೇಳಿದವರು."

"ನೀನೇ ಬಾ."

"ಹನ್ನೊಂದಕ್ಕೆ ದೊಡ್ಡವರ ಜೊತೆ ಮೀಟಿಂಗ್ ಇ…" ಎಂದು ಶುರು ಮಾಡಿದ ರಸಮಟ್ಟ, ಅಲ್ಲೇ ನಿಲ್ಲಿಸಿದ. "ಬರ್ತೀನಿ."

ಕಟ್ಟಡದಲ್ಲಿ ಅವನು ಮೋಟಾರು ಕೋಣೆಗೆ ಹತ್ತಿ, ಕರೆಂಟು ತೆಗೆದು, ಚಕ್ರದ ಪಕ್ಕ ನಿಂತ. ಚಿಕ್ಕಪ್ಪ ಆರನೇ ಮಹಡಿಯಲ್ಲಿ ಗೂಡಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಬೆಲ್ಟಿನ ಕೊಂಡಿ ಹಾಕಿದ ಸದ್ದು. ಆಮೇಲೆ ಏನೂ ಇಲ್ಲ. ಐದು ನಿಮಿಷ ಕಳೆಯಿತು. ಆಫೀಸಿನ ಗುಮಾಸ್ತನೊಬ್ಬ ಮೇಲೆ ಬಂದು ಬಾಗಿಲಲ್ಲಿ ತಲೆ ಹಾಕಿ, "ಎಷ್ಟು ಹೊತ್ತಾಗುತ್ತೆ?" ಎಂದು ಕೇಳಿದ.

"ಗೊತ್ತಿಲ್ಲ," ಅಂದ ರಸಮಟ್ಟ. ಕಸುಬಿನಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಗುಮಾಸ್ತ ಹೋದ.

ಇನ್ನೂ ಎರಡು ನಿಮಿಷವಾದ ಮೇಲೆ ತೂತಿನಿಂದ ದನಿ ಬಂತು.

"ಇವತ್ತು ಆಗಲ್ಲ ಕಣೋ."

"ಇವತ್ತು ಆಗಲ್ಲ," ಅಂದ ರಸಮಟ್ಟ.

"ಹೂಂ. ಚಕ್ರ ನಾನು ಹಿಡಿತೀನಿ. ಪೆಟ್ಟಿಗೆಗೆ ನೀನು ಬಾ."

ಪೆಟ್ಟಿಗೆಯ ಮೇಲೆ ರಸಮಟ್ಟ ನಿಂತದ್ದು ಕೆಲಸ ಕಲಿಯುವಾಗ, ಎರಡು ಸಲ. ಇಳಿದು ಬೆಲ್ಟು ಕಟ್ಟಿಕೊಂಡು ಕಾಲಿಟ್ಟ. ಪೆಟ್ಟಿಗೆ ಅವನ ಭಾರಕ್ಕೆ ಸಣ್ಣಗೆ ತೂಗಿತು. ಪಕ್ಕದಲ್ಲಿ ಹಗ್ಗಗಳು ಮೇಲೆ ಕತ್ತಲಲ್ಲಿ ಮುಗಿದಿದ್ದವು. ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿನಿಂದ ತಣ್ಣನೆಯ ಗಾಳಿ ಕಾಲಿನ ಮೇಲೆ ಬರುತ್ತಿತ್ತು. ಇಲ್ಲಿ ಮನುಷ್ಯನ ಹತ್ತಿರ ಇರುವುದು ಒಂದು ಕಬ್ಬಿಣದ ಪಟ್ಟಿ ಮತ್ತು ಮೇಲಿರುವವನ ಕಿವಿ, ಎರಡೇ. ಆ ಪಟ್ಟಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಲೋ ರಸಮಟ್ಟ," ಎಂದು ಮೇಲಿನಿಂದ ಚಿಕ್ಕಪ್ಪ ಇಣುಕಿದ. "ನಿನ್ನ ಬಿಲ್ಲೆ ಯಾವ ಮುಖದ ಕೆಳಗೆ ಅಂಟಿಸಲಿ?"

"ಸುಮ್ನೆ ಚಕ್ರ ನೋಡು."

ಮೇಲೆ ಚಿಕ್ಕಪ್ಪ ನಕ್ಕದ್ದು ಗೂಡಿನ ತಳದವರೆಗೂ ಹೋಗಿ ಬಂತು. ಕೆಲಸ ಮುಗಿಯಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ದೊಡ್ಡವರ ಮೀಟಿಂಗಿಗೆ ರಸಮಟ್ಟ ಮಂಡಿಗೆ ಗ್ರೀಸು ಮೆತ್ತಿಕೊಂಡು, ಇಪ್ಪತ್ತು ನಿಮಿಷ ತಡವಾಗಿ ಹೋದ. ಈ ತಿಂಗಳ ಸಂತೋಷ ಎಷ್ಟು ಎಂದು ಅವರು ಕೇಳಿದರು. ಅಳೆಯುವುದನ್ನು ಬಿಟ್ಟಿದ್ದೇನೆ ಅಂದ.

ಐದು ಗಂಟೆಗೆ ಚಿಕ್ಕಪ್ಪ ನೆಲಮಾಳಿಗೆಗೆ ಬಂದು ಮೇಜಿನ ಎದುರು ನಿಂತ. ರಸಮಟ್ಟ ಏನೋ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟು ತಲೆ ಎತ್ತಿದ.

"ನನ್ನ ಕಾಗದ ದೊಡ್ಡವರಿಗೆ ಕಳಿಸಿದ್ಯಾ?"

"ಇಲ್ಲ."

"ಎರಡು ದಿನದೊಳಗೆ ಕಳಿಸಬೇಕು ಅಂತ ನಿಯಮ ಇದೆಯಲ್ಲ."

"ಇದೆ."

ಚಿಕ್ಕಪ್ಪ ಅವನನ್ನೇ ನೋಡಿದ. ಯಾವುದೋ ಕಟ್ಟಡ ಮಟ್ಟ ತಪ್ಪಿರುವುದನ್ನು ನೋಡುವ ಹಾಗೆ. "ಕೊಡು ಇಲ್ಲಿ," ಎಂದು ಕೈ ಚಾಚಿದ.

ರಸಮಟ್ಟ ಬೀರು ತೆಗೆದು ಫಾರಂ ಏಳನ್ನು ಕೊಟ್ಟ. ಚಿಕ್ಕಪ್ಪ ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಹರಿಯಲ್ವಾ?"

"ಇರಲಿ. ನಿನ್ನನ್ನ ನಂಬೋಕೆ ಇನ್ನೂ ಸ್ವಲ್ಪ ದಿನ ಬೇಕು."

ಧನ್ಯವಾದ ಅನ್ನಬೇಕು, ನಿನ್ನ ಭಾವನೆ ಅರ್ಥವಾಗುತ್ತದೆ ಅನ್ನಬೇಕು ಎಂದೆಲ್ಲ ನೋಟ್‌ಬುಕ್ಕಿನ ಎರಡು ಪುಟಗಳಲ್ಲಿ ಇತ್ತು. ರಸಮಟ್ಟ ಬೀರುವಿನ ಬಾಗಿಲು ಹಾಕಿದ.

"ಆಗಲಿ," ಅಂದ.

"ನಾಳೆ ಯಾವ ಕಟ್ಟಡ?"

"ಬೆಳಿಗ್ಗೆ ಬಾ, ನೋಡೋಣ."